ಕೃತಕ ಜೀವಕೋಶ: ಬಿಡಿಭಾಗಗಳು ಸಿದ್ಧ, ಜೋಡಣೆ ಬಾಕಿ

ಪ್ರಶ್ನೆ: ನಾನು ಎಂ.ಎಸ್ಸಿ ಬಯೋಟೆಕ್ನಾಲಜಿ ವಿದ್ಯಾರ್ಥಿನಿ. ವಿಜ್ಞಾನಿಗಳು ಕೃತಕ ಜೀವಕೋಶ ತಯಾರಿಸಿದ್ದಾರೆ ಎಂದು ಆಗಾಗ ಓದುತ್ತೇನೆ. 2010ರಲ್ಲೇ ಆಯಿತು ಎಂದು ಕೆಲವರು ಹೇಳುತ್ತಾರೆ, ಇನ್ನೂ ಆಗಿಲ್ಲ ಎಂದು ಕೆಲವರು. ಯಾವುದು ನಿಜ? ಲಿಪಿಡ್, ಡಿಎನ್‌ಎ, ಪ್ರೋಟೀನ್ ಎಲ್ಲವೂ ದುಡ್ಡು ಕೊಟ್ಟರೆ ಸಿಗುತ್ತವೆ. ಹಾಗಿದ್ದರೆ ಜೋಡಿಸುವುದಕ್ಕೆ ಏನು ಕಷ್ಟ? ಇದಕ್ಕೆ ಮೈಕ್ರೋಫ್ಲೂಯಿಡಿಕ್ ಚಿಪ್ ಯಾಕೆ ಬೇಕು? ಇದರಿಂದ ಅಪಾಯ ಇಲ್ಲವೇ? ನಮ್ಮಂಥವರು ಇಲ್ಲೇ ಇದ್ದು ಕಲಿಯಬಹುದೇ?

ಉತ್ತರ: ಜೀವವಿಲ್ಲದ ವಸ್ತುಗಳನ್ನಷ್ಟೇ ಇಟ್ಟುಕೊಂಡು ಶುರು ಮಾಡಿ, ತಾನೇ ಆಹಾರ ತೆಗೆದುಕೊಂಡು ಬೆಳೆದು, ಎರಡಾಗಿ, ಆ ಎರಡೂ ಮತ್ತೆ ಬೆಳೆಯುವಂಥ ಜೀವಕೋಶವನ್ನು ಇದುವರೆಗೆ ಯಾರೂ ಕಟ್ಟಿಲ್ಲ. ಆದರೆ 2010ರ ಸುದ್ದಿ ಸುಳ್ಳಲ್ಲ. ಅದು ಬೇರೆ ಕೆಲಸ.

ಆ ವರ್ಷ ಅಮೆರಿಕದ ಜೆ. ಕ್ರೇಗ್ ವೆಂಟರ್ ಸಂಸ್ಥೆಯವರು ಮೈಕೋಪ್ಲಾಸ್ಮಾ ಮೈಕಾಯ್ಡಿಸ್ ಎಂಬ ಬ್ಯಾಕ್ಟೀರಿಯಾದ ಇಡೀ ಜೀನೋಮನ್ನು, ಅಂದರೆ ಅದರ ಅಷ್ಟೂ ಡಿಎನ್‌ಎಯನ್ನು, ರಾಸಾಯನಿಕವಾಗಿ ತಯಾರಿಸಿದ ತುಣುಕುಗಳಿಂದ ಜೋಡಿಸಿದರು. ಸುಮಾರು 10.8 ಲಕ್ಷ ಬೇಸ್ ಜೋಡಿಗಳ ಉದ್ದ. ಅದನ್ನು ಹತ್ತಿರದ ಇನ್ನೊಂದು ಜಾತಿಯ, ಜೀವಂತ ಮೈಕೋಪ್ಲಾಸ್ಮಾದೊಳಗೆ ಸೇರಿಸಿದರು. ಹಳೆಯ ಜೀನೋಮ್ ಹೋಯಿತು, ಹೊಸದು ಕೆಲಸ ಶುರು ಮಾಡಿತು. ಅಂದರೆ ಹೊಸದಾಗಿ ಬರೆದದ್ದು ಜೀನೋಮ್ ಮಾತ್ರ. ಪೊರೆ, ಪ್ರೋಟೀನ್ ತಯಾರಿಸುವ ರೈಬೋಸೋಮ್, ಕಿಣ್ವಗಳು ಎಲ್ಲ ಮೊದಲೇ ಜೀವವಿದ್ದ ಕೋಶದಿಂದ ಬಂದವು. 2016ರಲ್ಲಿ ಅದೇ ತಂಡ ಜೀನ್‌ಗಳನ್ನು ಕಡಿಮೆ ಮಾಡುತ್ತಾ 473ಕ್ಕೆ ತಂದು ನಿಲ್ಲಿಸಿತು. ನನಗೆ ಅತಿ ಮುಖ್ಯ ಅನ್ನಿಸುವ ಸಂಗತಿ ಇಲ್ಲಿದೆ: ಆ 473ರಲ್ಲಿ 149 ಜೀನ್‌ಗಳು ಏನು ಮಾಡುತ್ತವೆ ಎಂಬುದು ಆಗ ಗೊತ್ತಿರಲಿಲ್ಲ. ತೆಗೆದರೆ ಕೋಶ ಸಾಯುತ್ತದೆ ಅಥವಾ ತೀರಾ ನಿಧಾನವಾಗುತ್ತದೆ, ಯಾಕೆ ಅಂತ ಗೊತ್ತಿಲ್ಲ. ಹೆಚ್ಚುಕಡಿಮೆ ಮೂರನೇ ಒಂದು ಭಾಗ!

ಇದು ಇರುವುದರಿಂದ ಕಳೆಯುತ್ತಾ ಹೋಗುವ ದಾರಿ. ನೀವು ಕೇಳುತ್ತಿರುವುದು ಇನ್ನೊಂದು ದಾರಿ, ಅಂದರೆ ಏನೂ ಇಲ್ಲದ ಕಡೆಯಿಂದ ಒಂದೊಂದೇ ಭಾಗ ಸೇರಿಸುತ್ತಾ ಹೋಗುವುದು. ನಾನು ಎರಡನೆಯದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ. ನನ್ನ ಕೆಲಸ ಮೈಕ್ರೋಫ್ಲೂಯಿಡಿಕ್ ಚಿಪ್‌ಗಳ, ಅಂದರೆ ತೀರಾ ಸಣ್ಣ ಕಾಲುವೆಗಳಲ್ಲಿ ದ್ರವ ಹರಿಸುವ ಪುಟ್ಟ ಸಾಧನಗಳ ಕಡೆಯದು, ಮತ್ತು ಚಿಪ್ ನಿಜವಾಗಿ ಬೇಕಾಗುವುದು ಆ ದಾರಿಯಲ್ಲಿ.

ಬಿಡಿಭಾಗಗಳು ಸಿಗುತ್ತವೆ ಎಂದು ನೀವು ಹೇಳಿದ್ದು ಸರಿ. ಪೊರೆಯಿಂದ ಶುರು ಮಾಡೋಣ. 1960ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಹತ್ತಿರದ ಬಾಬ್ರಹಾಂನಲ್ಲಿ ಅಲೆಕ್ ಬ್ಯಾಂಗಂ ಫಾಸ್ಫೋಲಿಪಿಡ್‌ಗಳನ್ನು ನೀರಿಗೆ ಹಾಕಿದರೆ ತಾವಾಗಿಯೇ ಮುಚ್ಚಿದ ಗುಳ್ಳೆಗಳಾಗುತ್ತವೆ ಎಂದು ತೋರಿಸಿದರು. ಇವೇ ಲೈಪೋಸೋಮ್‌ಗಳು. ಗೋಡೆ ಎರಡು ಅಣುಗಳಷ್ಟೇ ದಪ್ಪ, ಸುಮಾರು 4ರಿಂದ 5 ನ್ಯಾನೋಮೀಟರ್. ಇದನ್ನು ಯಾರೂ ಹೊಲಿಯಬೇಕಿಲ್ಲ. ನೀರನ್ನು ಇಷ್ಟಪಡುವ ತಲೆ ಹೊರಗೆ, ದ್ವೇಷಿಸುವ ಬಾಲ ಒಳಗೆ ಸೇರಿಕೊಂಡು ಪೊರೆ ತಾನೇ ಆಗುತ್ತದೆ.

ಇನ್ನು ಒಳಗಿನ ಯಂತ್ರ. 2001ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಯೋಶಿಹಿರೊ ಶಿಮಿಜು, ತಕುಯಾ ಉಯೆಡಾ ಮತ್ತು ಸಂಗಡಿಗರು ಇ. ಕೋಲಿ ಬ್ಯಾಕ್ಟೀರಿಯಾದಿಂದ ಪ್ರೋಟೀನ್ ತಯಾರಿಕೆಗೆ ಬೇಕಾದ ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ಶುದ್ಧ ಮಾಡಿದರು. ಮೂವತ್ತಕ್ಕೂ ಹೆಚ್ಚು ಪ್ರೋಟೀನ್‌ಗಳು, ರೈಬೋಸೋಮ್, ಅದಕ್ಕೆ ಅಮೈನೋ ಆಮ್ಲ ತಂದುಕೊಡುವ ಟಿಆರ್‌ಎನ್‌ಎ, ಅಮೈನೋ ಆಮ್ಲ, ಶಕ್ತಿಗೆ ಕ್ರಿಯಾಟಿನ್ ಫಾಸ್ಫೇಟ್. ಎಲ್ಲವನ್ನೂ ಮತ್ತೆ ಕೂಡಿಸಿ, ಡಿಎನ್‌ಎ ಹಾಕಿದರೆ ಟ್ಯೂಬಿನಲ್ಲೇ ಪ್ರೋಟೀನ್ ತಯಾರಾಗುತ್ತದೆ. ಇದಕ್ಕೆ ಪ್ಯೂರ್ ಸಿಸ್ಟಂ ಎಂದು ಹೆಸರು. ಇಂದು ಕಿಟ್ ಆಗಿ ಸಿಗುತ್ತದೆ.

2004ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ವಿನ್ಸೆಂಟ್ ನ್ವಾರೊ ಮತ್ತು ಆಲ್ಬರ್ಟ್ ಲಿಬ್‌ಷಾಬರ್ ಮಾಡಿದ ಪ್ರಯೋಗ ನನಗೆ ಇಂದಿಗೂ ಅಚ್ಚುಮೆಚ್ಚು. ಅವರು ಇ. ಕೋಲಿಯ ಸಾರವನ್ನು, ಅಂದರೆ ಕೋಶ ಒಡೆದು ತೆಗೆದ, ಪ್ರೋಟೀನ್ ತಯಾರಿಸಬಲ್ಲ ದ್ರವವನ್ನು, ಲಿಪಿಡ್ ಗುಳ್ಳೆಯೊಳಗೆ ತುಂಬಿಸಿದರು. ಸುಮಾರು 5 ಗಂಟೆ ಪ್ರೋಟೀನ್ ತಯಾರಾಗಿ ನಿಂತಿತು. ಒಳಗಿನ ಕಚ್ಚಾ ವಸ್ತು ಮುಗಿಯಿತು, ಪೊರೆ ಹೊರಗಿನದನ್ನು ಒಳಗೆ ಬಿಡಲಿಲ್ಲ. ಆಗ ಅವರು ಆಲ್ಫಾ ಹೀಮೋಲೈಸಿನ್ ಎಂಬ ಪ್ರೋಟೀನಿನ ಜೀನನ್ನೂ ಒಳಗೆ ಸೇರಿಸಿದರು. ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾ ನಮ್ಮ ಕೋಶಗಳನ್ನು ತೂತು ಮಾಡಲು ಬಳಸುವ ವಿಷ ಅದು. ಏಳು ಅಣುಗಳು ಸೇರಿ ಪೊರೆಯಲ್ಲಿ ಒಂದು ಸಣ್ಣ ರಂಧ್ರವಾಗುತ್ತವೆ. ಅಮೈನೋ ಆಮ್ಲ, ನ್ಯೂಕ್ಲಿಯೋಟೈಡ್‌ನಂಥ ಸಣ್ಣವು ಅದರಲ್ಲಿ ಒಳಬರುತ್ತವೆ. ರೈಬೋಸೋಮ್, ಡಿಎನ್‌ಎ, ದೊಡ್ಡ ಪ್ರೋಟೀನ್‌ಗಳು ಒಳಗೇ ಉಳಿಯುತ್ತವೆ. 5 ಗಂಟೆಯ ಕೆಲಸ ಸುಮಾರು 4 ದಿನ ನಡೆಯಿತು. ಗುಳ್ಳೆ ತನಗೆ ಬೇಕಾದ ಬಾಗಿಲನ್ನು ತಾನೇ ಮಾಡಿಕೊಂಡಿತು.

ಇದಾಗಿ 20 ವರ್ಷಕ್ಕೂ ಮೇಲಾಯಿತು. ಆಮೇಲೆ ಒಂದೊಂದು ಗುಂಪು ಒಂದೊಂದು ಭಾಗ ಸಾಧಿಸಿತು. ವೈರಸ್ಸಿನಿಂದ ತಂದ ಫೈ29 ಪಾಲಿಮರೇಸ್ ಎಂಬ ಕಿಣ್ವ ಬಳಸಿ ಗುಳ್ಳೆಯೊಳಗೆ ಡಿಎನ್‌ಎ ನಕಲಾಯಿತು. ಒಳಗೆ ತಯಾರಾದ ಕಿಣ್ವಗಳು ಲಿಪಿಡ್ ತಯಾರಿಸಿದವು. ಕೋಶದ ಮಧ್ಯವನ್ನು ಗುರುತಿಸುವ ಮಿನ್ ಪ್ರೋಟೀನ್‌ಗಳು ಗುಳ್ಳೆಯ ಆ ಕೊನೆಯಿಂದ ಈ ಕೊನೆಗೆ ಓಡಾಡಿದವು. ಎಲ್ಲವೂ ಒಳ್ಳೆಯ ಕೆಲಸಗಳೇ. ಆದರೆ ಒಂದೊಂದೂ ಬೇರೆ ಬೇರೆ ಗುಳ್ಳೆಯಲ್ಲಿ, ಬೇರೆ ಬೇರೆ ದ್ರಾವಣದಲ್ಲಿ, ಬೇರೆ ಬೇರೆ ಪ್ರಯೋಗಾಲಯದಲ್ಲಿ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಒಂದು ಭಾಗಕ್ಕೆ ಹಿತವಾದದ್ದು ಇನ್ನೊಂದಕ್ಕೆ ಅಹಿತ. ರೈಬೋಸೋಮ್ ಗಟ್ಟಿಯಾಗಿ ನಿಲ್ಲಬೇಕಾದರೆ ಸಾಕಷ್ಟು ಮೆಗ್ನೀಸಿಯಂ ಬೇಕು. ಅದೇ ಮೆಗ್ನೀಸಿಯಂ ಋಣ ವಿದ್ಯುದಂಶವಿರುವ ಲಿಪಿಡ್ ಗುಳ್ಳೆಗಳನ್ನು ಒಂದಕ್ಕೊಂದು ಅಂಟಿಸಿಬಿಡಬಹುದು. ಆರ್‌ಎನ್‌ಎ ತಯಾರಿಸಲು ನ್ಯೂಕ್ಲಿಯೋಟೈಡ್‌ಗಳು ಹೇರಳವಾಗಿ ಬೇಕು, ಪ್ರೋಟೀನಿಗೆ ಟಿಆರ್‌ಎನ್‌ಎ ಬೇಕು. ಇವೆರಡೂ ಜಾಸ್ತಿಯಾದರೆ ಫೈ29 ಡಿಎನ್‌ಎಯನ್ನು ಸರಿಯಾಗಿ ನಕಲು ಮಾಡುವುದಿಲ್ಲ ಎಂದು ಜಪಾನಿನ ಒಂದು ಗುಂಪು 2015ರಲ್ಲಿ ತೋರಿಸಿತು. ಕ್ರಿಯಾಟಿನ್ ಫಾಸ್ಫೇಟ್ ಖರ್ಚಾದಂತೆ ಫಾಸ್ಫೇಟ್ ಒಳಗೆ ಗುಡ್ಡೆಯಾಗಿ, ಮೆಗ್ನೀಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಮತ್ತೆ ರೈಬೋಸೋಮಿಗೆ ಕೊರತೆ. ಅಕ್ಕಿ, ತೊಗರಿಬೇಳೆ, ಸೊಪ್ಪು ಮೂರನ್ನೂ ಒಂದೇ ಪಾತ್ರೆಗೆ ಒಂದೇ ಸಲ ಹಾಕಿ, ಒಂದೇ ಉರಿಯಲ್ಲಿಟ್ಟು, ಮೂರೂ ಹದವಾಗಿ ಬೇಯಬೇಕು ಎಂದ ಹಾಗೆ. ಪಾತ್ರೆಯಲ್ಲಿ ಮೂರಲ್ಲ, ನೂರಕ್ಕೂ ಹೆಚ್ಚು ಪದಾರ್ಥಗಳಿವೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. 2006ರಲ್ಲಿ ಆಂಟನಿ ಫಾರ್ಸ್ಟರ್ ಮತ್ತು ಜಾರ್ಜ್ ಚರ್ಚ್ ಒಂದು ಲೆಕ್ಕ ಹಾಕಿದ್ದರು. ಸಣ್ಣ ಅಣುಗಳನ್ನೆಲ್ಲ ಹೊರಗಿನಿಂದ ಕೊಟ್ಟರೆ, ತನ್ನನ್ನು ತಾನೇ ನಕಲು ಮಾಡಿಕೊಳ್ಳುವ ಕೋಶಕ್ಕೆ ಸುಮಾರು 151 ಜೀನ್ ಸಾಕು, ಒಟ್ಟು 1.13 ಲಕ್ಷ ಬೇಸ್ ಜೋಡಿ. ಡಿಎನ್‌ಎ ಬರೆಯುವ ದೃಷ್ಟಿಯಿಂದ ನೋಡಿದರೆ ಇಂದು ಅದೇನೂ ದೊಡ್ಡದಲ್ಲ. ಆದರೆ ಪಟ್ಟಿಯ ಬಹುಪಾಲು ಪ್ರೋಟೀನ್ ತಯಾರಿಸುವ ಯಂತ್ರದ್ದೇ. ಇ. ಕೋಲಿಯ ಒಂದು ರೈಬೋಸೋಮಿನಲ್ಲೇ 50ಕ್ಕೂ ಹೆಚ್ಚು ಪ್ರೋಟೀನ್‌ಗಳು, ಮೂರು ಆರ್‌ಎನ್‌ಎಗಳು ಇವೆ. ಕೋಶ ಎರಡಾಗಬೇಕಾದರೆ ಒಳಗಿನ ರೈಬೋಸೋಮ್‌ಗಳೂ ಎರಡು ಪಟ್ಟಾಗಬೇಕು. ಈಗಿನ ಪ್ಯೂರ್ ಮಿಶ್ರಣಕ್ಕೆ ಅಷ್ಟು ಶಕ್ತಿ ಇಲ್ಲ. ತನ್ನದೇ ಭಾಗಗಳನ್ನು ಪೂರ್ತಿ ಮರುತಯಾರಿ ಮಾಡುವ ಮೊದಲೇ ಅದು ಸುಸ್ತಾಗಿ ನಿಲ್ಲುತ್ತದೆ. ನನ್ನ ಅಭಿಪ್ರಾಯದಲ್ಲಿ ಇಡೀ ಕ್ಷೇತ್ರದ ನಿಜವಾದ ಗಂಟು ಇದು.

ಈಗ ಚಿಪ್ ವಿಷಯ. ಚಿಪ್ ಚಿಕ್ಕದಾಗಿರುತ್ತದೆ, ಕಡಿಮೆ ದ್ರಾವಣ ಸಾಕು, ಅದಕ್ಕೇ ಬೇಕು ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅದು ನಿಜವೇ, ಆದರೆ ಮುಖ್ಯ ಕಾರಣ ಅದಲ್ಲ. ಒಂದು ಲೆಕ್ಕ ಮಾಡಿ ತೋರಿಸುತ್ತೇನೆ.

10 ಮೈಕ್ರಾನ್ ವ್ಯಾಸದ ಗುಳ್ಳೆ ತೆಗೆದುಕೊಳ್ಳಿ. ಅದರ ಒಳಗಿನ ಜಾಗ ಅರ್ಧ ಪಿಕೋಲೀಟರ್‌ಗಿಂತ ಸ್ವಲ್ಪ ಜಾಸ್ತಿ. ದ್ರಾವಣದಲ್ಲಿ ಡಿಎನ್‌ಎ 1 ನ್ಯಾನೋಮೋಲಾರ್ ಇದ್ದರೆ ಆ ಗುಳ್ಳೆಯೊಳಗೆ ಸರಾಸರಿ 315 ಡಿಎನ್‌ಎ ಅಣುಗಳಿರುತ್ತವೆ. ಈಗ 1 ಮೈಕ್ರಾನ್ ವ್ಯಾಸದ ಗುಳ್ಳೆ ತೆಗೆದುಕೊಳ್ಳಿ. ಹೆಚ್ಚುಕಡಿಮೆ ಬ್ಯಾಕ್ಟೀರಿಯಾದ ಗಾತ್ರ. ಒಳಗಿನ ಜಾಗ ಸಾವಿರ ಪಟ್ಟು ಕಡಿಮೆ. ಡಿಎನ್‌ಎ ಸರಾಸರಿ 0.3 ಅಣು! ಅಂದರೆ ನೂರರಲ್ಲಿ 73 ಗುಳ್ಳೆಗಳಲ್ಲಿ ಡಿಎನ್‌ಎಯೇ ಇರುವುದಿಲ್ಲ. ಇದು ಕೈಚಳಕದ ದೋಷವಲ್ಲ. ಅಣುಗಳು ಎಲ್ಲೆಂದರಲ್ಲಿ ಚೆದುರಿರುವಾಗ ಸಣ್ಣ ಪಾತ್ರೆಗೆ ಎಷ್ಟು ಬೀಳುತ್ತವೆ ಎಂಬುದಕ್ಕೆ ಪ್ವಾಸಾನ್ ಹಂಚಿಕೆ ಇದೆ, ಅದು ಹೇಳುವುದೇ ಹೀಗೆ. ಸರಾಸರಿ ಒಂದು ಎಂದಿಟ್ಟುಕೊಂಡರೂ ನೂರರಲ್ಲಿ 37 ಖಾಲಿ, 37ರಲ್ಲಿ ಒಂದು, ಉಳಿದವುಗಳಲ್ಲಿ ಎರಡು ಅಥವಾ ಹೆಚ್ಚು.

ಇಲ್ಲಿವರೆಗೆ ಡಿಎನ್‌ಎ ಒಂದನ್ನೇ ಎಣಿಸಿದೆವು. ಒಳಗೆ ಹತ್ತಾರು ಬಗೆಯ ಪ್ರೋಟೀನ್‌ಗಳು ಇರಬೇಕು, ಒಂದು ತಪ್ಪಿದರೂ ಕೆಲಸ ನಿಲ್ಲುತ್ತದೆ, ಅಲ್ವಾ? ಹಳೆಯ ವಿಧಾನದಲ್ಲಿ, ಅಂದರೆ ಗಾಜಿನ ಮೇಲೆ ಲಿಪಿಡ್ ಒಣಗಿಸಿ ಅದರ ಮೇಲೆ ನೀರು ಹಾಕಿ ಉಬ್ಬಿಸಿದಾಗ, ಒಂದೇ ಟ್ಯೂಬಿನಲ್ಲಿ 1 ಮೈಕ್ರಾನ್ ಗುಳ್ಳೆಯೂ ಇರುತ್ತದೆ, 50 ಮೈಕ್ರಾನ್ ಗುಳ್ಳೆಯೂ ಇರುತ್ತದೆ. ಒಂದರೊಳಗೊಂದು ಸೇರಿಕೊಂಡವೂ ಇರುತ್ತವೆ. ವ್ಯಾಸ ಎರಡು ಪಟ್ಟಾದರೆ ಒಳಗಿನ ಜಾಗ ಎಂಟು ಪಟ್ಟು, ಗೋಡೆ ನಾಲ್ಕೇ ಪಟ್ಟು. ಹಾಗಾಗಿ ರಂಧ್ರಗಳ ಮೂಲಕ ಆಹಾರ ಒಳಬರುವ ಲೆಕ್ಕವೂ ಬದಲಾಗುತ್ತದೆ. ಈ ಗುಂಪಿನಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನ್ ತಯಾರಾಗಿ ನಾಲ್ಕು ಗುಳ್ಳೆಗಳು ಹೊಳೆದವು, ಉಳಿದವು ಹೊಳೆಯಲಿಲ್ಲ ಎಂದುಕೊಳ್ಳಿ. ಯಾಕೆ ಹೊಳೆಯಲಿಲ್ಲ? ಡಿಎನ್‌ಎ ಬೀಳಲಿಲ್ಲವೇ, ಕಿಣ್ವ ಕೆಟ್ಟಿತೇ, ಪೊರೆ ಸೋರಿತೇ? ಹೇಳಲು ಬರುವುದಿಲ್ಲ.

ಚಿಪ್ ಕೊಡುವುದು ಈ ಪ್ರಶ್ನೆಗೆ ಉತ್ತರ ಹುಡುಕುವ ಅವಕಾಶ. ಸಾವಿರಾರು ಗುಳ್ಳೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆ, ಒಂದೇ ಮಿಶ್ರಣ. ಆಗ ಒಂದು ಕೆಲಸ ಮಾಡಿ ಪಕ್ಕದ್ದು ಮಾಡದಿದ್ದರೆ, ಗಾತ್ರದ ಕಾರಣವನ್ನು ಪಕ್ಕಕ್ಕಿಟ್ಟು ಬೇರೆ ಕಾರಣ ಹುಡುಕಬಹುದು. ಮೆಗ್ನೀಸಿಯಂ ಸ್ವಲ್ಪ ಏರಿಸಿ ಸಾವಿರ, ಇಳಿಸಿ ಸಾವಿರ ಮಾಡಿ ಹೋಲಿಸಬಹುದು. ಜೋಡಣೆಯ ಕಷ್ಟ ಅಷ್ಟು ದೊಡ್ಡದಿರುವಾಗ ಸೋತದ್ದು ಯಾಕೆ ಎಂದು ತಿಳಿಯುವ ದಾರಿ ಇಲ್ಲದಿದ್ದರೆ ಮುಂದೆ ಹೋಗಲು ಆಗುವುದಿಲ್ಲ.

ಒಂದು ನಿಜವಾದ ಚಿಪ್ ನೋಡೋಣ. 2016ರಲ್ಲಿ ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಿದ್ಧಾರ್ಥ ದೇಶಪಾಂಡೆ, ಕೇಸ್ ಡೆಕ್ಕರ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ. ಆಕ್ಟನಾಲ್ ಎಂಬ, ಎಣ್ಣೆಯಂತೆ ನೀರಿನಿಂದ ಬೇರೆಯೇ ನಿಲ್ಲುವ ಆಲ್ಕೋಹಾಲ್ ನೆರವಿನಿಂದ ಲೈಪೋಸೋಮ್ ಕಟ್ಟುವುದರಿಂದ ಅದಕ್ಕೆ ಚಿಕ್ಕದಾಗಿ ಓಎಲ್‌ಎ ಎನ್ನುತ್ತಾರೆ.

ಚಿಪ್‌ನಲ್ಲಿ ಕೂದಲೆಳೆಗಿಂತ ಸಣ್ಣ ಕಾಲುವೆಗಳು. ಮಧ್ಯದ ಕಾಲುವೆಯಲ್ಲಿ ಒಳಗೆ ಇರಬೇಕಾದ ದ್ರಾವಣ ಬರುತ್ತದೆ. ಅದರ ಎರಡೂ ಪಕ್ಕದಲ್ಲಿ ಲಿಪಿಡ್ ಕರಗಿಸಿದ ಆಕ್ಟನಾಲ್. ಅದರಾಚೆ ಎರಡೂ ಕಡೆ ಹೊರಗಿನ ನೀರು. ಎಲ್ಲವೂ ಒಂದು ಸಂಧಿಯಲ್ಲಿ ಸೇರುತ್ತವೆ. ಇಷ್ಟು ಸಣ್ಣ ಕಾಲುವೆಯಲ್ಲಿ ನೀರು ಸುಳಿಯಾಗುವುದಿಲ್ಲ. ಜಡತ್ವಕ್ಕಿಂತ ಸ್ನಿಗ್ಧತೆಯ ಕೈ ಮೇಲಿರುತ್ತದೆ, ಹರಿವು ಶಿಸ್ತಾಗಿ ಪದರಪದರವಾಗಿ ಹೋಗುತ್ತದೆ. ಸಂಧಿಯಲ್ಲಿ ಹೊರಗಿನ ನೀರು ಎರಡೂ ಕಡೆಯಿಂದ ಒತ್ತಿ, ಮಧ್ಯದ ಎಳೆಯನ್ನು ಒಂದೇ ಅಳತೆಗೆ ಕತ್ತರಿಸುತ್ತದೆ. ಆಗ ಬರುವ ಹನಿಯ ಒಳಗೆ ನೀರು, ಸುತ್ತ ಆಕ್ಟನಾಲ್ ಕವಚ, ಹೊರಗೆ ಮತ್ತೆ ನೀರು.

ಇದರ ನಂತರ ಆಗುವುದನ್ನು ಸೂಕ್ಷ್ಮದರ್ಶಕದಲ್ಲಿ ಎಷ್ಟು ಸಲ ನೋಡಿದರೂ ನನಗೆ ಬೇಸರವಾಗಿಲ್ಲ. ಹನಿ ಕಾಲುವೆಯಲ್ಲಿ ಹೋಗುತ್ತಾ ಹೋಗುತ್ತಾ ಆಕ್ಟನಾಲ್ ಒಂದು ಪಕ್ಕಕ್ಕೆ ಜಮೆಯಾಗುತ್ತದೆ. ಕವಚ ಒಂದು ಕಡೆ ತೆಳುವಾಗುತ್ತಾ ಬಂದು, ಒಳಗಿನ ಲಿಪಿಡ್ ಪದರವೂ ಹೊರಗಿನ ಲಿಪಿಡ್ ಪದರವೂ ಹತ್ತಿರ ಬಂದು ಜೋಡಿ ಪೊರೆಯಾಗುತ್ತವೆ. ಕೆಲವೇ ನಿಮಿಷಗಳಲ್ಲಿ ಆಕ್ಟನಾಲ್ ಬೇರೆಯೇ ಹನಿಯಾಗಿ ಕಳಚಿಕೊಂಡು ಹೋಗುತ್ತದೆ. ಉಳಿದದ್ದು 5ರಿಂದ 20 ಮೈಕ್ರಾನ್‌ವರೆಗಿನ, ನಿಮಗೆ ಬೇಕಾದ ಅಳತೆಗೆ ಹೊಂದಿಸಿಕೊಳ್ಳಬಹುದಾದ ಲೈಪೋಸೋಮ್. ಆಕ್ಟನಾಲ್ ನೀರಿಗಿಂತ ಹಗುರ, ಮೇಲೆ ತೇಲುತ್ತದೆ, ಆದ್ದರಿಂದ ಬೇರ್ಪಡಿಸುವುದೂ ಸುಲಭ. ಹಿಂದೆ ಬೇರೆ ಎಣ್ಣೆಗಳನ್ನು ಬಳಸುತ್ತಿದ್ದಾಗ ಎಣ್ಣೆ ಪೊರೆಯ ಮಧ್ಯದಲ್ಲೇ ಉಳಿದುಬಿಡುವ ತೊಂದರೆ ಇತ್ತು. ಆಕ್ಟನಾಲ್ ಆರಿಸಿದ್ದೇ ಇಲ್ಲಿನ ಜಾಣತನ.

ಓದಲು ಸಲೀಸು, ಮಾಡಲು ತಾಳ್ಮೆ ಬೇಕು. ಪಿಡಿಎಂಎಸ್ ಎಂಬ ಪಾರದರ್ಶಕ ಸಿಲಿಕೋನ್ ರಬ್ಬರಿನಿಂದ ಚಿಪ್ ಮಾಡುತ್ತೇವೆ. ಸಿಲಿಕಾನ್ ವೇಫರಿನ ಮೇಲೆ ಅಚ್ಚು ಇರುತ್ತದೆ. ಅದರ ಮೇಲೆ ಹತ್ತು ಪಾಲು ಪಿಡಿಎಂಎಸ್‌ಗೆ ಒಂದು ಪಾಲು ಗಟ್ಟಿಕಾರಕ ಸೇರಿಸಿ ಸುರಿದು, ಗಾಳಿಗುಳ್ಳೆ ತೆಗೆದು, ಓವನ್‌ನಲ್ಲಿಟ್ಟು ಗಟ್ಟಿ ಮಾಡಿ, ಕಿತ್ತು, ಆಮ್ಲಜನಕ ಪ್ಲಾಸ್ಮಾ ಕೊಟ್ಟು ಗಾಜಿಗೆ ಅಂಟಿಸುತ್ತೇವೆ. ಈ ರಬ್ಬರಿಗೆ ಎಣ್ಣೆ ಇಷ್ಟ, ನೀರು ಇಷ್ಟವಿಲ್ಲ. ಸಂಧಿ ದಾಟಿದ ಮೇಲಿನ ಕಾಲುವೆಯ ಗೋಡೆ ನೀರನ್ನು ಇಷ್ಟಪಡದಿದ್ದರೆ ಆಕ್ಟನಾಲ್ ಗೋಡೆಗೆ ಹತ್ತಿಕೊಂಡು ಹನಿ ಒಡೆದುಹೋಗುತ್ತದೆ. ಹಾಗಾಗಿ ಆ ಭಾಗಕ್ಕೆ ಮಾತ್ರ ಪಾಲಿವಿನೈಲ್ ಆಲ್ಕೋಹಾಲ್ ಲೇಪ ಕೊಡಬೇಕು, ಅದು ಹಿಂದಕ್ಕೆ ಹರಿದು ಸಂಧಿಯೊಳಗೆ ನುಗ್ಗಬಾರದು. ನುಗ್ಗಿದರೆ ಚಿಪ್ ಕಸದ ಬುಟ್ಟಿಗೆ. ಹೊಸಬರು ಹೆಚ್ಚು ಚಿಪ್ ಕಳೆದುಕೊಳ್ಳುವುದು ಇಲ್ಲಿ.

ಎರಡನೆಯದು ಧೂಳು. ಒಂದು ನೂಲಿನ ಎಳೆ ಸಾಕು, ಕಾಲುವೆ ಕಟ್ಟಿಕೊಳ್ಳಲು. ಒಳಹೋಗುವ ಪ್ರತಿ ದ್ರಾವಣವನ್ನೂ ಸೋಸಿ. ಮೂರನೆಯದು ಆಸ್ಮಾಟಿಕ್ ಒತ್ತಡ, ಅಂದರೆ ಗಾಢ ದ್ರಾವಣದ ಕಡೆಗೆ ಪೊರೆ ದಾಟಿ ನೀರು ನುಗ್ಗುವ ಒತ್ತಡ. ಪೊರೆ ತನ್ನ ವಿಸ್ತೀರ್ಣದ ಕೆಲವೇ ಶೇಕಡಾ ಹಿಗ್ಗುತ್ತದೆ, ಆಮೇಲೆ ಹರಿಯುತ್ತದೆ. ಒಳಗಿನ ಪ್ಯೂರ್ ಮಿಶ್ರಣ ಲವಣ, ಅಮೈನೋ ಆಮ್ಲಗಳಿಂದ ಗಾಢವಾಗಿರುತ್ತದೆ. ಹೊರಗಿನ ನೀರು ಅದಕ್ಕೆ ಹೊಂದದಿದ್ದರೆ ಗುಳ್ಳೆ ಉಬ್ಬಿ ಒಡೆಯುತ್ತದೆ, ಇಲ್ಲವೇ ಸುಕ್ಕಾಗುತ್ತದೆ. ಅಂದಾಜು ಬೇಡ, ಆಸ್ಮೋಮೀಟರಿನಲ್ಲಿ ಅಳೆಯಿರಿ.

ಚಿಪ್ ಇಲ್ಲದೆ ಆಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಎಣ್ಣೆಯಲ್ಲಿ ನೀರಿನ ಹನಿಗಳನ್ನು ಚೆದುರಿಸುವ ಎಮಲ್ಷನ್ ವಿಧಾನ ಇದೆ, ತಿರುಗುವ ಪಾತ್ರೆಯೊಳಗೆ ಹನಿ ಹಾರಿಸುವ ವಿಧಾನವೂ ಇದೆ. ಎಷ್ಟೋ ಪ್ರಯೋಗಕ್ಕೆ ಅವು ಧಾರಾಳ ಸಾಕು. ಗುಳ್ಳೆ ತಯಾರಿಸುವುದಷ್ಟೇ ಚಿಪ್‌ನ ಕೆಲಸವೂ ಅಲ್ಲ. ಗುಳ್ಳೆಯನ್ನು ಒಂದು ಕಡೆ ಹಿಡಿದು ನಿಲ್ಲಿಸಿ, ಹೊರಗಿನ ದ್ರಾವಣ ಬದಲಿಸುತ್ತಾ, ಗಂಟೆಗಟ್ಟಲೆ ನೋಡಲು ಚಿಪ್ ಬೇಕು. ವೆಂಟರ್ ಸಂಸ್ಥೆಯ ಕನಿಷ್ಠ ಕೋಶದ ಕಥೆಯಲ್ಲೂ ಇದು ಬರುತ್ತದೆ. ಆ ಕೋಶಗಳು ಎರಡಾಗುವಾಗ ಒಂದು ದಪ್ಪ, ಒಂದು ಸಣ್ಣ, ಒಂದು ದಾರದಂತೆ ಉದ್ದ, ಹೀಗೆ ಹೇಗೆಹೇಗೋ ಆಗುತ್ತಿದ್ದವು. ಅಮೆರಿಕದ ಸರ್ಕಾರಿ ಅಳತೆ ಮತ್ತು ಮಾನಕ ಸಂಸ್ಥೆ ಎನ್‌ಐಎಸ್‌ಟಿಯ ಎಲಿಜಬೆತ್ ಸ್ಟ್ರೈಚಾಲ್‌ಸ್ಕಿ ಮತ್ತು ಸಂಗಡಿಗರು ಅವುಗಳನ್ನು ಮೈಕ್ರೋಫ್ಲೂಯಿಡಿಕ್ ಕೋಣೆಗಳಲ್ಲಿ ಬೆಳೆಸುತ್ತಾ ನೇರವಾಗಿ ನೋಡಿದರು. 2021ರಲ್ಲಿ ಅವರು ಹೇಳಿದ್ದು: ತೆಗೆದುಹಾಕಿದ್ದ ಜೀನ್‌ಗಳಲ್ಲಿ ಏಳನ್ನು ಒಟ್ಟಿಗೆ ಹಿಂದಿರುಗಿಸಿದರೆ ಕೋಶಗಳು ಮತ್ತೆ ಒಂದೇ ಅಳತೆಗೆ, ಒಂದೇ ಆಕಾರಕ್ಕೆ ಬರುತ್ತವೆ. ಆ ಏಳರಲ್ಲೂ ಹಲವುಗಳ ಕೆಲಸ ಗೊತ್ತಿರಲಿಲ್ಲ.

ಇನ್ನೊಂದು ಪ್ರಯೋಗ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ರಾಯ್ ಬಾರ್-ಜಿವ್ ಗುಂಪು ಲಿಪಿಡ್ಡನ್ನೇ ಬಿಟ್ಟಿತು. 2014ರಲ್ಲಿ ಅವರು ಸಿಲಿಕಾನ್‌ನಲ್ಲೇ ಪುಟ್ಟ ದುಂಡು ಕೋಣೆಗಳನ್ನು ಕೊರೆದು, ನೆಲಕ್ಕೆ ಡಿಎನ್‌ಎ ಅಂಟಿಸಿದರು. ಪ್ರತಿ ಕೋಣೆಯಿಂದ ಒಂದು ಸಣ್ಣ ಓಣಿ ಹೊರಟು ದೊಡ್ಡ ಕಾಲುವೆಗೆ ಸೇರುತ್ತದೆ. ಆ ಕಾಲುವೆಯಲ್ಲಿ ತಾಜಾ ಸಾರ ಹರಿಯುತ್ತಲೇ ಇರುತ್ತದೆ. ಆಹಾರ ಓಣಿಯಲ್ಲಿ ಒಳಬರುತ್ತದೆ, ತಯಾರಾದ ಪ್ರೋಟೀನ್ ಹೊರಹೋಗುತ್ತದೆ. ಓಣಿ ಎಷ್ಟು ಉದ್ದವೋ ಪ್ರೋಟೀನ್ ಅಷ್ಟು ಹೊತ್ತು ಒಳಗಿರುತ್ತದೆ. ಅಂದರೆ ಜೀವಕೋಶ ಪ್ರೋಟೀನ್ ಒಡೆದು ಮಾಡುವ ಕೆಲಸವನ್ನು ಇಲ್ಲಿ ಓಣಿಯ ಉದ್ದ ಮಾಡುತ್ತದೆ! ಈ ಕೋಣೆಗಳಲ್ಲಿ ಜೀನ್‌ಗಳು ಏರಿಳಿತದ ಲಯದಲ್ಲಿ ಕೆಲಸ ಮಾಡಿದವು. ಇದು ಜೀವಕೋಶವೇ ಎಂದು ಕೇಳಿದರೆ, ಪೊರೆ ಇಲ್ಲ, ಬೆಳೆಯುವುದಿಲ್ಲ. ಆದರೆ ಜೀನ್‌ಗಳ ಜಾಲ ಹೇಗೆ ನಡೆಯುತ್ತದೆ ಎಂದು ತಿಳಿಯಲು ಇದಕ್ಕಿಂತ ಸ್ವಚ್ಛವಾದ ವ್ಯವಸ್ಥೆ ನಾನು ಕಂಡಿಲ್ಲ.

ಕೋಶ ಎರಡಾಗುವ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಒಂದು ಗೋಳ ಒಳಗಿನ ದ್ರವ ಅಷ್ಟೇ ಇಟ್ಟುಕೊಂಡು ಎರಡು ಸಮ ಗೋಳವಾಗಬೇಕಾದರೆ ಶೇ. 26ರಷ್ಟು ಹೆಚ್ಚು ಪೊರೆ ಬೇಕು. ಅದು ಮೊದಲೇ ಬೆಳೆದಿರಬೇಕು. ಇಲ್ಲದಿದ್ದರೆ ಎಷ್ಟು ಹಿಂಡಿದರೂ ಒಡೆಯುವುದು ಗುಳ್ಳೆಯೇ. ಡೆಲ್ಫ್ಟ್ ಗುಂಪು 2018ರಲ್ಲಿ ಲೈಪೋಸೋಮ್‌ಗಳನ್ನು ಕವಲೊಡೆದ ಕಾಲುವೆಯ ಮೂಲೆಗೆ ತಾಗಿಸಿ, ಹರಿವಿನ ಬಲದಿಂದಲೇ ಎರಡು ಮಾಡಿ ತೋರಿಸಿತು. ಕೋಶ ತಾನಾಗಿ ಮಾಡಿದ್ದಲ್ಲ, ಚಿಪ್ ಮಾಡಿಸಿದ್ದು. ನನಗೆ ಇದು ಮೋಸ ಅನ್ನಿಸುವುದಿಲ್ಲ. ಕೋಶವನ್ನು ಎರಡು ಮಾಡುವ ಪ್ರೋಟೀನ್ ಯಂತ್ರ ಸಿದ್ಧವಾಗುವ ತನಕ ಚಿಪ್ ಆ ಕೆಲಸಕ್ಕೆ ಕೈಗೊಟ್ಟರೆ ಉಳಿದ ಭಾಗಗಳ ಪರೀಕ್ಷೆ ನಿಲ್ಲುವುದಿಲ್ಲ.

ಪೂರ್ತಿ ಜೀವಕೋಶ ಆಗದಿದ್ದರೂ ಉಪಯೋಗ ಶುರುವಾಗಿದೆ. ಇಟಲಿಯ ಟ್ರೆಂಟೊದಲ್ಲಿ ಶೆರೆಫ್ ಮ್ಯಾನ್ಸಿ ಗುಂಪು 2014ರಲ್ಲಿ ಒಂದು ಕೃತಕ ಕೋಶ ಮಾಡಿತು. ಇ. ಕೋಲಿಗೆ ಥಿಯೋಫಿಲಿನ್ ಎಂಬ ರಾಸಾಯನಿಕ ತಿಳಿಯುವುದಿಲ್ಲ. ಕೃತಕ ಕೋಶ ಅದನ್ನು ಗುರುತಿಸಿ, ಒಂದು ರಂಧ್ರ ಪ್ರೋಟೀನ್ ತಯಾರಿಸಿ, ಇ. ಕೋಲಿಗೆ ಅರ್ಥವಾಗುವ ಇನ್ನೊಂದು ಅಣುವನ್ನು ಹೊರಬಿಟ್ಟಿತು. ಇಸ್ರೇಲಿನ ಟೆಕ್ನಿಯಾನ್‌ನವರು 2018ರಲ್ಲಿ ಇಲಿಗಳ ಕ್ಯಾನ್ಸರ್ ಗಡ್ಡೆಯೊಳಗೇ ಔಷಧ ಪ್ರೋಟೀನ್ ತಯಾರಿಸುವ ಲೈಪೋಸೋಮ್‌ಗಳನ್ನು ತೋರಿಸಿದರು. ಜರ್ಮನಿಯ ಮಾರ್ಬರ್ಗ್‌ನಲ್ಲಿ ಟೋಬಿಯಾಸ್ ಎರ್ಬ್ ಗುಂಪು 2020ರಲ್ಲಿ ಪಾಲಕ್ ಸೊಪ್ಪಿನ ಥೈಲಕಾಯ್ಡ್ ಪೊರೆಗಳನ್ನು ಚಿಪ್‌ನಲ್ಲಿ ತಯಾರಿಸಿದ ಹನಿಗಳೊಳಗೆ ಸೇರಿಸಿ, ಬೆಳಕಿನ ಶಕ್ತಿಯಿಂದ ಇಂಗಾಲದ ಡೈಆಕ್ಸೈಡ್ ಹಿಡಿಯುವ ಹಾಗೆ ಮಾಡಿತು. ಮೊದಲು ಹೇಳಿದ ಕ್ರಿಯಾಟಿನ್ ಫಾಸ್ಫೇಟ್ ಮುಗಿದುಹೋಗುವ ತೊಂದರೆಗೆ ಬೆಳಕು ಒಳ್ಳೆಯ ಪರಿಹಾರ ಆಗಬಹುದು ಎಂದು ನನಗೆ ನಂಬಿಕೆ.

ಅಪಾಯದ ಪ್ರಶ್ನೆ. ಇಂದಿನ ಲೈಪೋಸೋಮ್ ಕೋಶಗಳು ಪ್ರಯೋಗಾಲಯದಿಂದ ತಪ್ಪಿಸಿಕೊಂಡು ಹರಡುವ ಭಯ ಬೇಡ. ಹೊರಗೆ ಹಾಕಿದರೆ ಒಡೆದುಹೋಗುತ್ತವೆ, ತಮ್ಮನ್ನು ನಕಲು ಮಾಡಿಕೊಳ್ಳಲಾರವು. ಆದರೆ ಒಂದು ದಿಕ್ಕಿನಲ್ಲಿ ನಿಜವಾದ ಎಚ್ಚರ ಬೇಕು. ನಮ್ಮ ಪ್ರೋಟೀನ್‌ಗಳಲ್ಲಿ ಅಮೈನೋ ಆಮ್ಲಗಳು ಎಡಗೈ ಬಗೆಯವು, ಡಿಎನ್‌ಎ ಸಕ್ಕರೆ ಬಲಗೈ ಬಗೆಯದು. ಇದನ್ನು ಪೂರ್ತಿ ತಿರುಗಿಸಿದ ಕೋಶ ಕಟ್ಟಬಹುದೇ ಎಂಬ ಕುತೂಹಲ ಹಲವರಿಗಿತ್ತು. 2024ರ ಡಿಸೆಂಬರ್‌ನಲ್ಲಿ 38 ವಿಜ್ಞಾನಿಗಳು ಸೈನ್ಸ್ ಪತ್ರಿಕೆಯಲ್ಲಿ ಒಟ್ಟಾಗಿ ಬರೆದರು: ಅಂಥ ಕನ್ನಡಿ ಬ್ಯಾಕ್ಟೀರಿಯಾವನ್ನು ನಮ್ಮ ರೋಗನಿರೋಧಕ ವ್ಯವಸ್ಥೆ ಸರಿಯಾಗಿ ಗುರುತಿಸದೆ ಹೋಗಬಹುದು, ಅದನ್ನು ತಿನ್ನುವ ವೈರಸ್‌ಗಳೂ ಇರುವುದಿಲ್ಲ, ಅಪಾಯವಿಲ್ಲ ಎಂಬುದಕ್ಕೆ ಬಲವಾದ ಪುರಾವೆ ಸಿಗದ ಹೊರತು ಈ ಕೆಲಸ ಮಾಡಬಾರದು. ಕೃತಕ ಕೋಶಗಳನ್ನೇ ಕಟ್ಟುವ ಮಿನೆಸೋಟ ವಿಶ್ವವಿದ್ಯಾಲಯದ ಕೇಟ್ ಆಡಮಾಲ ಕೂಡ ಅವರಲ್ಲಿ ಒಬ್ಬರು. ನಾನು ಅವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಕನ್ನಡಿ ಕೋಶ ಇನ್ನೂ ದೂರ ಇರುವಾಗಲೇ ಬೇಡ ಎಂದು ಹೇಳುವುದು ಸುಲಭ, ಹತ್ತಿರ ಬಂದ ಮೇಲೆ ಕಷ್ಟ.

ಕೊನೆಯದಾಗಿ, ಇಲ್ಲೇ ಕಲಿಯಬಹುದೇ? ಖಂಡಿತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೆನ್ಸ್ ಎಂಬ ನ್ಯಾನೋವಿಜ್ಞಾನ ಕೇಂದ್ರದಲ್ಲಿ ಅಚ್ಚು ಮಾಡುವ ಕ್ಲೀನ್ ರೂಮ್ ಇದೆ. ಹೊರಗಿನ ಕಾಲೇಜುಗಳವರಿಗೂ ತೆರೆದ ಐಎನ್‌ಯುಪಿ ಎಂಬ ಕಾರ್ಯಕ್ರಮ ಅಲ್ಲಿಂದ ನಡೆದುಬಂದಿದೆ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ ಜೀವವಿಜ್ಞಾನ ಸಂಶೋಧನೆಯ ಎನ್‌ಸಿಬಿಎಸ್ ಮತ್ತು ಸಿ-ಕ್ಯಾಂಪ್ ಸಂಸ್ಥೆಗಳಿವೆ. ಪುಣೆಯ ಐಸರ್‌ನಲ್ಲಿ ಸುಧಾ ರಾಜಮಣಿ ಅವರ ಗುಂಪು ಮೊದಲ ಜೀವಕೋಶಗಳ ಪೊರೆ ಹೇಗಿದ್ದಿರಬಹುದು ಎಂದು ಕೆಲಸ ಮಾಡುತ್ತಿದೆ. ಪ್ರಾಜೆಕ್ಟಿಗೆ ಬರೆಯುವಾಗ ಸುಮ್ನೆ "ಆಸಕ್ತಿ ಇದೆ" ಎನ್ನಬೇಡಿ. ನೀವು ಕೈಯಾರೆ ಏನು ಮಾಡಿದ್ದೀರಿ ಎಂದು ಬರೆಯಿರಿ.

ಅದಕ್ಕೆ ನಿಮ್ಮ ಕಾಲೇಜಿನ ಲ್ಯಾಬೇ ಸಾಕು. ಮಿನರಲ್ ಆಯಿಲ್‌ನಲ್ಲಿ ಲಿಪಿಡ್ ಕರಗಿಸಿ. ಅದಕ್ಕೆ ಸುಕ್ರೋಸ್ ಮತ್ತು ಸ್ವಲ್ಪ ಹೊಳೆಯುವ ಬಣ್ಣ ಇರುವ ನೀರನ್ನು ಕೆಲವು ಮೈಕ್ರೋಲೀಟರ್ ಹಾಕಿ, ಟ್ಯೂಬನ್ನು ಬೆರಳಿಂದ ಮೀಟಿ ಎಮಲ್ಷನ್ ಮಾಡಿ. ಇನ್ನೊಂದು ಟ್ಯೂಬಿನಲ್ಲಿ ಅಷ್ಟೇ ಆಸ್ಮಾಟಿಕ್ ಒತ್ತಡದ ಗ್ಲೂಕೋಸ್ ನೀರು, ಅದರ ಮೇಲೆ ಲಿಪಿಡ್ ಎಣ್ಣೆಯ ಪದರ ಇಟ್ಟು ಸ್ವಲ್ಪ ಹೊತ್ತು ಬಿಡಿ. ಎಮಲ್ಷನ್ನನ್ನು ಮೇಲಿಂದ ನಿಧಾನವಾಗಿ ಸುರಿದು ಸೆಂಟ್ರಿಫ್ಯೂಜ್ ಮಾಡಿ. ಸುಕ್ರೋಸ್ ಭಾರ, ಹನಿ ಕೆಳಗಿಳಿಯುತ್ತದೆ. ಇಳಿಯುವಾಗ ಎಣ್ಣೆ ನೀರಿನ ಗಡಿಯಲ್ಲಿ ಎರಡನೇ ಲಿಪಿಡ್ ಪದರ ಹೊದ್ದುಕೊಂಡು ಲೈಪೋಸೋಮ್ ಆಗುತ್ತದೆ. ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕದಲ್ಲಿ ನೂರು ಗುಳ್ಳೆಗಳ ವ್ಯಾಸ ಅಳೆದು, ಗಾತ್ರ ಎಷ್ಟು ಚದುರಿದೆ ಎಂದು ಗ್ರಾಫ್ ಹಾಕಿ. ಆಮೇಲೆ ಸುಕ್ರೋಸ್ ಜೊತೆ ಸ್ವಲ್ಪ ಉಪ್ಪು, ನಂತರ ಮೆಗ್ನೀಸಿಯಂ ಸೇರಿಸಿ ಮತ್ತೆ ಅಳೆಯಿರಿ. ದುಬಾರಿ ಪ್ಯೂರ್ ಕಿಟ್ ಕೊಳ್ಳುವುದು ಈ ಗ್ರಾಫ್‌ಗಳು ಕೈಯಲ್ಲಿದ್ದ ಮೇಲೆ. ಬಹಳಷ್ಟು ಜನ ಕಿಟ್ಟಿನಿಂದ ಶುರು ಮಾಡಿ, ಅದು ಮುಗಿದಾಗ ಪೊರೆ ಸೋರುತ್ತಿತ್ತು ಎಂದು ತಿಳಿದುಕೊಳ್ಳುತ್ತಾರೆ.